ಸೆರೆಮನೆಯ ದಿನಗಳಿಗೆ ಲೆಕ್ಕವಿಲ್ಲವೆ?

ಯಾವುದಾದರೊಂದು ಘೋರ ಅಪರಾಧದ ಸುದ್ದಿ ಪತ್ರಿಕೆಯಲ್ಲಿ ಬಂತೆಂದರೆ ನಮ್ಮ ಹೋಟೆಲು, ಕ್ಲಬ್ಬು, ಕ್ಷೌರದಂಗಡಿಗಳಲ್ಲೆಲ್ಲ ಅದೇ ದಿನ ಒಂದೇ ತೀರ್ಪು ಹೊರಬೀಳುತ್ತದೆ: “ಎಲ್ಲಕ್ಕೂ ನಮ್ಮ ಕಾನೂನಿನ ಸಡಿಲವೇ ಕಾರಣ, ಸ್ವಾಮಿ. ಅರಬ್ಬರ ದೇಶದಲ್ಲಾಗಿದ್ದರೆ ಬರುವ ಶುಕ್ರವಾರದೊಳಗೆ ತಲೆ ಉರುಳಿರುತ್ತಿತ್ತು.” ಹೀಗೆನ್ನುವವರು ಕ್ರೂರಿಗಳೇನಲ್ಲ. ಓದಿದವರು, ಮನೆ ಮಕ್ಕಳುಳ್ಳವರು, ಬೀದಿಯ ನಾಯಿಗೂ ಅನ್ನ ಹಾಕುವವರು. ಅವರ ಕೋಪ ನನಗೆ ಅರ್ಥವಾಗುತ್ತದೆ. ಆದರೆ ಅವರು ರೋಗವನ್ನು ಗುರುತಿಸಿರುವ ರೀತಿ ತಪ್ಪು. ನಮ್ಮ ಕಾನೂನು ಸಡಿಲವಾದದ್ದಲ್ಲ. ಅದು ಬಿಗಿಯಾಗಬಾರದ ಕಡೆ ಬಿಗಿಯಾಗಿದೆ. ವಿಚಾರಣೆಗೆ ಮೊದಲು ಅದು ಕಬ್ಬಿಣ, ವಿಚಾರಣೆ ನಡೆಸಬೇಕಾದಾಗ ಮೇಣ. ಹೊರದೇಶಗಳಿಂದ ನಾವು ತರಬೇಕಾದದ್ದು ಏನಾದರೂ ಇದ್ದರೆ ಅದು ನೇಣುಗಂಬವಲ್ಲ, ಗಡಿಯಾರ ಮತ್ತು ಲೆಕ್ಕದ ಪುಸ್ತಕ.

ಇದನ್ನು ಸ್ಥಾಪಿಸಲು ನಾನು ದೂರ ಹೋಗಬೇಕಾಗಿಲ್ಲ. ನಮ್ಮ ಚಾಮರಾಜನಗರ ಜಿಲ್ಲೆಯೇ ಸಾಕು. ಈ ಊರಿಗೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆಂದು ಮುಖ್ಯಮಂತ್ರಿಗಳು ಹೆದರಿ ದೂರವೇ ಉಳಿದ ಕಾಲವಿತ್ತು. ಪೋಲೀಸರ ಜೀಪಿಗೆ ಮಾತ್ರ ಅಂಥ ಹೆದರಿಕೆ ಎಂದೂ ಇರಲಿಲ್ಲ. ಮಲೆಮಹದೇಶ್ವರ ಬೆಟ್ಟದ ಸುತ್ತಣ ಹಳ್ಳಿಗಳಿಗೆ ಅದು ಹೇಗೆ ಬಂತು, ಯಾರನ್ನು ಹತ್ತಿಸಿಕೊಂಡು ಹೋಯಿತು, ಎಷ್ಟು ವರ್ಷಗಳ ಮೇಲೆ ತಂದು ಬಿಟ್ಟಿತು ಎಂಬುದನ್ನು ವಾಚಕರು ಒಮ್ಮೆ ನೆನಪಿಗೆ ತಂದುಕೊಳ್ಳಬೇಕು.

1993ರ ಏಪ್ರಿಲ್ 9ರಂದು ಬೆಟ್ಟದಾಚೆಯ ಪಾಲಾರ್ ಬಳಿ ವೀರಪ್ಪನ್ ತಂಡದವರು ನೆಲಬಾಂಬು ಸಿಡಿಸಿದರು. ಪೋಲೀಸರೂ ಅರಣ್ಯದ ಕಾವಲುಗಾರರೂ ಸೇರಿ 22 ಮಂದಿ ಸತ್ತರು. ಅದಕ್ಕೂ ಹಿಂದಿನ ವರ್ಷ, 1992ರ ಆಗಸ್ಟ್ 14ರಂದು, ಮೀಣ್ಯದ ಬಳಿ ಪೋಲೀಸ್ ಸೂಪರಿಂಟೆಂಡೆಂಟ್ ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಹತರಾಗಿದ್ದರು. ಅದಕ್ಕೂ ಮುಂಚೆ, 1991ರ ನವೆಂಬರಿನಲ್ಲಿ, ಅರಣ್ಯಾಧಿಕಾರಿ ಶ್ರೀನಿವಾಸ್ ಅವರನ್ನು ಶರಣಾಗುವ ನೆವದಲ್ಲಿ ಕರೆಸಿ ಕೊಂದು ತಲೆ ಕಡಿಯಲಾಗಿತ್ತು. ಇವು ಕ್ಷಮೆಗೆ ಅರ್ಹವಾದ ಕೃತ್ಯಗಳಲ್ಲ. ಕೊಂದವರನ್ನು ಹಿಡಿಯಬಾರದಾಗಿತ್ತೆಂದು ಯಾವ ಬುದ್ಧಿವಂತನೂ ಹೇಳಲಾರ.

ಆದರೆ ಕೊಂದವರು ಕಾಡಿನಲ್ಲಿದ್ದರು. ಕೈಗೆ ಸಿಕ್ಕವರು ಊರಿನಲ್ಲಿದ್ದರು. ರಾತ್ರಿ ಬಂದೂಕು ಹಿಡಿದು ಬಂದವನು ರಾಗಿ ಕೇಳಿದರೆ ಕೊಡದೆ ಬದುಕುವಂತಿರಲಿಲ್ಲ. ಕೊಟ್ಟರೆ, ಹಗಲು ಬಂದೂಕು ಹಿಡಿದು ಬಂದವರ ಕಣ್ಣಿನಲ್ಲಿ ಅದೇ ಅಪರಾಧ. ಅತ್ತ ದರಿ, ಇತ್ತ ಪುಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಇಲ್ಲಿ ಅಕ್ಷರಶಃ ನಡೆಯಿತು. ಹಳ್ಳಿಗರನ್ನು, ಅವರಲ್ಲಿ ಹೆಂಗಸರನ್ನೂ, ‘ಟಾಡಾ’ ಎಂಬ ಭಯೋತ್ಪಾದನೆ ತಡೆ ಕಾಯಿದೆಯಡಿ ಹಿಡಿದು ಮೈಸೂರಿನ ಸೆರೆಮನೆಗೆ ತುಂಬಲಾಯಿತು.

ಆ ಕಾಯಿದೆಯ ಸ್ವರೂಪವನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. ನಮ್ಮ ಸಾಕ್ಷ್ಯದ ಕಾನೂನು ನೂರು ವರ್ಷಕ್ಕೂ ಮಿಕ್ಕಿ ಪೋಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ನಂಬಬೇಡವೆಂದು ಹೇಳುತ್ತ ಬಂದಿತ್ತು. ಟಾಡಾ ಅದನ್ನು ತಿರುಗಿಸಿ, ಸೂಪರಿಂಟೆಂಡೆಂಟ್ ದರ್ಜೆಯ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುತ್ತದೆ ಎಂದಿತು. ಜಾಮೀನು ಬೇಕಾದರೆ ಆಪಾದಿತನು ನಿರಪರಾಧಿಯೆಂದು ನಂಬಲು ಕಾರಣವಿದೆಯೆಂಬುದು ವಿಚಾರಣೆಗೆ ಮೊದಲೇ ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು ಎಂದಿತು. ಅಂದರೆ ಕೊನೆಯಲ್ಲಿ ಬರಬೇಕಾದ ತೀರ್ಪನ್ನು ಮೊದಲೇ ಗಳಿಸಿಕೊಂಡವನಿಗೆ ಮಾತ್ರ ಜಾಮೀನು. ದೇಶದಲ್ಲೆಲ್ಲ ಈ ಕಾಯಿದೆಯಡಿ ಬಂಧಿತರಾದವರು 76 ಸಾವಿರಕ್ಕೂ ಹೆಚ್ಚು. ಅವರಲ್ಲಿ ಶಿಕ್ಷೆಗೆ ಗುರಿಯಾದವರು ನೂರಕ್ಕೆ ಇಬ್ಬರೂ ಇಲ್ಲ. ಇಷ್ಟು ಅಪಕೀರ್ತಿ ಹೊತ್ತು ಆ ಕಾಯಿದೆ 1995ರ ಮೇ ತಿಂಗಳಲ್ಲಿ ಸತ್ತಿತು. ಅದರಡಿ ಹಿಡಿದ ನಮ್ಮ ಬೆಟ್ಟದ ಜನ ಮಾತ್ರ ಸೆರೆಮನೆಯಲ್ಲೇ ಉಳಿದರು. ಮೈಸೂರಿನ ವಿಶೇಷ ನ್ಯಾಯಾಲಯದ ತೀರ್ಪು ಬಂದದ್ದು 2001ರ ಸೆಪ್ಟೆಂಬರಿನಲ್ಲಿ. ಬಹುಪಾಲು ಮಂದಿ ನಿರ್ದೋಷಿಗಳೆಂದು ಬಿಡುಗಡೆಯಾದರು. ಅವರಲ್ಲಿ ಕೆಲವರು ಆ ವೇಳೆಗೆ ಎಂಟು ವರ್ಷ ಕಳೆದಿದ್ದರು.

ಈ ಎಂಟು ವರ್ಷವೆಂಬುದು ಎಷ್ಟೆಂದು ನಮಗೆ ತಿಳಿಯಬೇಕಾದರೆ ಇನ್ನೊಂದು ಲೆಕ್ಕವನ್ನು ಪಕ್ಕದಲ್ಲಿಡಬೇಕು. 2000ದ ಜುಲೈ 30ರಂದು ವೀರಪ್ಪನ್ ಗಾಜನೂರಿನಿಂದ ಡಾ. ರಾಜಕುಮಾರ್ ಅವರನ್ನು ಒಯ್ದನು. 108 ದಿನ ಇಡೀ ಕನ್ನಡನಾಡು ಉಸಿರು ಬಿಗಿಹಿಡಿದು ಕುಳಿತಿತು. ಪತ್ರಿಕೆಗಳು ದಿನ ಎಣಿಸಿದವು, ಹೆಂಗಸರು ಹರಕೆ ಹೊತ್ತರು, ಸಿನಿಮಾ ಮಂದಿರಗಳು ಬಾಗಿಲು ಹಾಕಿದವು. ಅದು ತಕ್ಕದ್ದೇ. ಪ್ರೀತಿಯ ಮನುಷ್ಯನೊಬ್ಬ ತಪ್ಪಿಲ್ಲದೆ ಬಂಧನದಲ್ಲಿದ್ದರೆ ಜನ ದಿನ ಎಣಿಸಬೇಕು. ನಾನು ಕೇಳುವುದು ಇಷ್ಟೆ: ಅದೇ 108 ದಿನಗಳಲ್ಲಿ ಮೈಸೂರಿನ ಸೆರೆಮನೆಯೊಳಗೆ ಏಳನೆಯ ವರ್ಷ ಕಳೆಯುತ್ತಿದ್ದವರ ದಿನಗಳನ್ನು ಎಣಿಸಿದವರಾರು?

ಅವರ ಹೆಸರು ನಾಡಿನ ಕಿವಿಗೆ ಬಿದ್ದದ್ದೇ ಆಗ, ಅದೂ ಕಾಡುಗಳ್ಳನ ಬಾಯಿಂದ. ಆತನ ಬೇಡಿಕೆಗಳಲ್ಲಿ ಒಂದು, 51 ಮಂದಿ ಟಾಡಾ ಕೈದಿಗಳ ಬಿಡುಗಡೆ. ಏಳು ವರ್ಷ ಅಲ್ಲಾಡದಿದ್ದ ಸರಕಾರ ಕೆಲವೇ ವಾರಗಳಲ್ಲಿ ಟಾಡಾ ಆಪಾದನೆಗಳನ್ನು ಹಿಂತೆಗೆದುಕೊಳ್ಳಲು ಅರ್ಜಿ ಹಾಕಿತು. ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 2000ದ ನವೆಂಬರ್ 7ರಂದು ಕೋರ್ಟು ಆ ಬಿಡುಗಡೆಯನ್ನು ತಡೆಯಿತು. ಮಗನನ್ನು ಕಳೆದುಕೊಂಡ ತಂದೆ ಮಾಡಿದ್ದು ಸರಿ, ಕೋರ್ಟು ಹೇಳಿದ್ದೂ ಸರಿ. ಬಂದೂಕಿನ ಬೆದರಿಕೆಗೆ ಮಣಿದು ಕೈದಿಗಳನ್ನು ಬಿಡುವ ರಾಜ್ಯ ರಾಜ್ಯವಲ್ಲ. ಆದರೆ ಏಳು ವರ್ಷ ವಿಚಾರಣೆ ಮುಗಿಸದೆ, ಅವರ ಬಿಡುಗಡೆ ಕಾಡುಗಳ್ಳನ ಚೌಕಾಸಿಯ ನಾಣ್ಯವಾಗುವಂತೆ ಮಾಡಿದ್ದು ಯಾರು? ತಪ್ಪಿತಸ್ಥರಾಗಿದ್ದರೆ ಅವರಿಗೆ ಶಿಕ್ಷೆಯಾಗಿರಬೇಕಿತ್ತು. ನಿರ್ದೋಷಿಗಳಾಗಿದ್ದರೆ ಅವರು ಹೊಲದಲ್ಲಿರಬೇಕಿತ್ತು. ಎರಡೂ ಆಗದೆ ಹೋದದ್ದರಿಂದಲೇ ಅವರು ಒತ್ತೆಯ ಸರಕಾದರು. ಸಡಿಲವಾದ ಕಾನೂನಿನ ಲಕ್ಷಣವೇ ಇದು?

ಈಗ ಹೊರದೇಶಗಳತ್ತ ನೋಡೋಣ. ಹೋಟೆಲಿನ ನಮ್ಮ ಮಿತ್ರರು ಅರಬ್ಬರ ದೇಶಕ್ಕೆ ಹೋಗುತ್ತಾರೆ. ನಾನು ಮೊದಲು ಇಂಗ್ಲೆಂಡಿಗೆ ಹೋಗುತ್ತೇನೆ, ಏಕೆಂದರೆ ನಮ್ಮ ಕೋರ್ಟು ಕಚೇರಿಗಳ ಕರಿಯ ಕೋಟು ಬಂದದ್ದು ಅಲ್ಲಿಂದಲೇ. 2005ರ ಜುಲೈ 7ರಂದು ಲಂಡನ್ನಿನ ರೈಲು ಬಸ್ಸುಗಳಲ್ಲಿ ಬಾಂಬು ಸಿಡಿದು 52 ಮಂದಿ ಸತ್ತರು. ಅಲ್ಲಿಯೂ ಜನ ಕುದಿಯುತ್ತಿದ್ದರು. ಪ್ರಧಾನಿ ಟೋನಿ ಬ್ಲೇರ್, ಭಯೋತ್ಪಾದನೆಯ ಶಂಕೆಯ ಮೇಲೆ ಹಿಡಿದವರನ್ನು ಆಪಾದನೆ ಹೊರಿಸದೆ 90 ದಿನ ಇಟ್ಟುಕೊಳ್ಳುವ ಅಧಿಕಾರ ಕೇಳಿದರು. ನಾಲ್ಕು ತಿಂಗಳ ಮೇಲೆ, ನವೆಂಬರ್ 9ರಂದು, ಅವರ ಪಕ್ಷಕ್ಕೇ ಬಹುಮತವಿದ್ದ ಪಾರ್ಲಿಮೆಂಟು 322 ಮತಗಳಿಂದ, 291ರ ವಿರುದ್ಧ, ಆಗದು ಎಂದಿತು. ಕೊನೆಗೆ ಒಪ್ಪಿದ್ದು 28 ದಿನಕ್ಕೆ. ಮುಂದೆ ಅದೂ ಹೆಚ್ಚೆಂದು 14ಕ್ಕೆ ಇಳಿಯಿತು. ನಮ್ಮಲ್ಲಿ 2008ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿಯಾಯಿತು. ಡಿಸೆಂಬರು ಮುಗಿಯುವುದರೊಳಗೆ ಆಪಾದನಾಪಟ್ಟಿಯಿಲ್ಲದೆ 180 ದಿನ ಇಟ್ಟುಕೊಳ್ಳುವ ಅಧಿಕಾರ ಕಾನೂನಾಯಿತು. ಅದು ಇಂದಿಗೂ ಇದೆ. ಇಲ್ಲಿ ಸಡಿಲ ಯಾರು, ಬಿಗಿ ಯಾರು?

ನಾರ್ವೆಯ ಸಂಗತಿ ಇನ್ನೂ ಸ್ಪಷ್ಟ. 2011ರ ಜುಲೈ 22ರಂದು ಒಬ್ಬನೇ ಮನುಷ್ಯ ಬಾಂಬಿನಿಂದಲೂ ಬಂದೂಕಿನಿಂದಲೂ 77 ಮಂದಿಯನ್ನು ಕೊಂದನು. ಸತ್ತವರಲ್ಲಿ ಬಹಳ ಮಂದಿ ಎಳೆಯರು. ಮರುವರ್ಷದ ಆಗಸ್ಟ್ 24ಕ್ಕೆ ತೀರ್ಪು ಬಂತು. ಹದಿಮೂರು ತಿಂಗಳು! ಶಿಕ್ಷೆ 21 ವರ್ಷದ ಬಂಧನ. ಸಮಾಜಕ್ಕೆ ಅಪಾಯವಿರುವಷ್ಟು ಕಾಲ ಅದನ್ನು ಮುಂದುವರಿಸಬಹುದು. ಇಷ್ಟು ಮೃದುವಾದ ಶಿಕ್ಷೆಯೇ ಎಂದು ನಮ್ಮವರು ನಕ್ಕರು. ಪಾಲಾರ್ ಪ್ರಕರಣದ ಕ್ಯಾಲೆಂಡರನ್ನು ನೋಡಿದರೆ ನಗು ನಿಲ್ಲಬಹುದು. ಸ್ಫೋಟ 1993ರಲ್ಲಿ. ಮೊದಲ ತೀರ್ಪು 2001ರಲ್ಲಿ. ಮುಖ್ಯ ಆಪಾದಿತರಾದ ನಾಲ್ವರಿಗೆ ಜೀವಾವಧಿ. 2004ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮರಣದಂಡನೆಗೆ ಏರಿಸಿತು. ಅವರ ದಯಾಭಿಕ್ಷೆಯ ಅರ್ಜಿ ಒಂಬತ್ತು ವರ್ಷ ದಿಲ್ಲಿಯಲ್ಲಿ ಕುಳಿತು 2013ರ ಫೆಬ್ರವರಿಯಲ್ಲಿ ತಿರಸ್ಕೃತವಾಯಿತು. 2014ರ ಜನವರಿ 21ರಂದು ಅದೇ ಸುಪ್ರೀಂ ಕೋರ್ಟು, ಇಷ್ಟು ಕಾಲ ನೇಣಿನ ನೆರಳಲ್ಲಿ ಕೂಡಿಸಿದ್ದೇ ಅಮಾನುಷವೆಂದು, ಮರಣದಂಡನೆಯನ್ನು ಮತ್ತೆ ಜೀವಾವಧಿಗೆ ಇಳಿಸಿತು. ಹೊರಟಲ್ಲಿಗೇ ಬಂದು ನಿಲ್ಲಲು ಇಪ್ಪತ್ತೊಂದು ವರ್ಷ. ಸತ್ತ 22 ಮಂದಿಯ ಮನೆಯವರಿಗೂ ಇದರಿಂದ ನ್ಯಾಯವಾಗಲಿಲ್ಲ. ತಡವೆಂಬುದು ಅಪರಾಧಿಯ ಮೇಲೆ ತೋರಿದ ಮೃದುತ್ವವೆಂದು ತಿಳಿದಿರುವವರು ಇದನ್ನು ಚೆನ್ನಾಗಿ ಮನಗಾಣಬೇಕು: ತಡ ಎಲ್ಲರನ್ನೂ ಶಿಕ್ಷಿಸುತ್ತದೆ, ಫಿರ್ಯಾದಿಯನ್ನೂ ಸೇರಿಸಿ.

“ಹಾಗಾದರೆ ಅರಬ್ಬರಂತೆ ಬೇಗ ಮುಗಿಸಿಬಿಡಿ” ಎಂದಾರು. ಬೇಗ ಬೇಕು, ನಿಜ. ಆದರೆ ಬೇಗ ಆಗಬೇಕಾದದ್ದು ವಿಚಾರಣೆ, ಕೊಲ್ಲುವುದಲ್ಲ. ಇಂಗ್ಲೆಂಡು 1950ರ ಮಾರ್ಚಿನಲ್ಲಿ ಟಿಮೊತಿ ಎವಾನ್ಸ್ ಎಂಬಾತನನ್ನು, ಮಗುವನ್ನು ಕೊಂದನೆಂದು, ಬಂಧಿಸಿದ ನಾಲ್ಕು ತಿಂಗಳೊಳಗೆ ನೇಣಿಗೆ ಹಾಕಿತು. ಮೂರು ವರ್ಷ ಕಳೆದ ಮೇಲೆ ಅದೇ ಮನೆಯ ಕೆಳಗಿನ ಅಂತಸ್ತಿನಲ್ಲಿ ವಾಸವಾಗಿದ್ದವನೊಬ್ಬನು ಹಲವು ಹೆಂಗಸರನ್ನು ಕೊಂದ ಹಂತಕನೆಂದು ಬಯಲಾಯಿತು. ಎವಾನ್ಸನಿಗೆ 1966ರಲ್ಲಿ ಕ್ಷಮಾದಾನ ಕೊಟ್ಟರು. ಗೋರಿಯ ಮೇಲೆ ಓದುವುದಕ್ಕೆ ಅದು ಒಳ್ಳೆಯ ಕಾಗದ. ಆ ಬೇಗವನ್ನು ಕಂಡು ನಾಚಿದ ದೇಶ ನೇಣುಗಂಬವನ್ನೇ ಕಿತ್ತುಹಾಕಿತು.

ಗಡಿಯಾರದ ಮಾತು ಇಷ್ಟಿರಲಿ. ಇನ್ನು ಲೆಕ್ಕದ ಪುಸ್ತಕ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಆಸ್ತಿಯ ವ್ಯಾಜ್ಯಕ್ಕೆ ಕಟ್ಟಿದ್ದಿರಬೇಕು. ಆದರೆ ಅದು ಎಂಟು ವರ್ಷದ ಮೇಲೆ ‘ನಿರ್ದೋಷಿ’ ಎಂಬ ಚೀಟಿ ಹಿಡಿದು ಬಸ್ಸು ಹತ್ತಿದವನಿಗೆ ಒಪ್ಪುವಷ್ಟು ಇನ್ನಾರಿಗೂ ಒಪ್ಪುವುದಿಲ್ಲ. ಆತನ ಹೊಲ ಬೀಳುಬಿದ್ದಿದೆ, ದನ ಮಾರಿಹೋಗಿವೆ, ಮಕ್ಕಳು ಕೂಲಿಗೆ ಹೋಗಿ ದೊಡ್ಡವರಾಗಿದ್ದಾರೆ. ಸರಕಾರ ಅವನಿಗೆ ಏನು ಕೊಡಬೇಕು?

ಜರ್ಮನಿ ಇದಕ್ಕೆ ಉತ್ತರವನ್ನು ಕಾನೂನಿನಲ್ಲಿ ಬರೆದಿಟ್ಟಿದೆ. ಬಂಧನದಲ್ಲಿಟ್ಟು ಆಮೇಲೆ ನಿರ್ದೋಷಿಯೆಂದು ಬಿಟ್ಟರೆ, ಕಳೆದುಹೋದ ಸಂಪಾದನೆ ಬೇರೆ, ಕಳೆದ ಪ್ರತಿಯೊಂದು ದಿನಕ್ಕೂ 75 ಯೂರೋ. 2020ರಿಂದ ಇದು ದರ. ಜಪಾನು ತನ್ನ ಸಂವಿಧಾನದ 40ನೆಯ ವಿಧಿಯಲ್ಲೇ ನಿರ್ದೋಷಿಯಾಗಿ ಬಿಡುಗಡೆಯಾದವನಿಗೆ ಪರಿಹಾರ ಕೇಳುವ ಹಕ್ಕು ಕೊಟ್ಟಿದೆ. ಜಪಾನಿನ ಪೋಲೀಸು ದೇವತೆಗಳೇನೂ ಅಲ್ಲ. ಅಲ್ಲಿಯೂ ತಪ್ಪೊಪ್ಪಿಗೆ ಹಿಂಡುವ ಚಾಳಿ ಇದೆ, ಮರಣದಂಡನೆ ಇದೆ. ಹಕಮಾದಾ ಇವಾವೊ ಎಂಬ ಕುಸ್ತಿಮುಷ್ಟಿಯ ಆಟಗಾರನನ್ನು 1966ರಲ್ಲಿ ಹಿಡಿದರು, 1968ರಲ್ಲಿ ಮರಣದಂಡನೆ ವಿಧಿಸಿದರು, 2014ರಲ್ಲಿ ಹೊರಗೆ ಬಿಟ್ಟರು. ಸಾಕ್ಷ್ಯವೇ ಕಟ್ಟುಕಥೆಯೆಂದು 2024ರ ಸೆಪ್ಟೆಂಬರಿನಲ್ಲಿ ಕೋರ್ಟು ಹೇಳಿ ಆತನನ್ನು ನಿರ್ದೋಷಿಯೆಂದಿತು. ಆ ಅನ್ಯಾಯಕ್ಕೆ ಸಮನಾದ ಹಣ ಭೂಮಿಯ ಮೇಲಿಲ್ಲ. ಆದರೂ 2025ರಲ್ಲಿ ದಿನಕ್ಕೆ ಇಷ್ಟೆಂದು ಲೆಕ್ಕ ಹಾಕಿ 21 ಕೋಟಿ 70 ಲಕ್ಷ ಯೆನ್ ಕೊಡುವಂತೆ ಕೋರ್ಟು ಆಜ್ಞೆ ಮಾಡಿತು. ಕೊಟ್ಟದ್ದು ದಯೆಯಿಂದಲ್ಲ, ಕಾನೂನಿನಿಂದ.

ನಮ್ಮಲ್ಲಿ? 1979ರಲ್ಲಿ ಸುಪ್ರೀಂ ಕೋರ್ಟು ಬಿಹಾರದ ಕೈದಿಗಳ ಪ್ರಕರಣದಲ್ಲಿ, ಶೀಘ್ರ ವಿಚಾರಣೆ ಪ್ರತಿಯೊಬ್ಬನ ಮೂಲಭೂತ ಹಕ್ಕೆಂದು ಸಾರಿತು. ಅದೇ 1979ರಲ್ಲಿ ಭಾರತ ಸರಕಾರ ನಾಗರಿಕ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸೇರುವಾಗ, ಅಕ್ರಮವಾಗಿ ಬಂಧಿತನಾದವನಿಗೆ ಸರಕಾರದಿಂದ ಪರಿಹಾರ ಪಡೆಯುವ ಹಕ್ಕು ನಮ್ಮ ಕಾನೂನಿನಲ್ಲಿಲ್ಲವೆಂದು ಬರೆದು ಸಹಿ ಹಾಕಿತು. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಸಿದುಕೊಂಡಂತಾಯಿತು. ಕಾರಣವಿಲ್ಲದೆ ಬಂಧಿತನಾದವನಿಗೆ ಪರಿಹಾರ ಕೊಡಿಸುವ ಒಂದು ಕಲಮು ನಮ್ಮ ದಂಡಪ್ರಕ್ರಿಯೆಯಲ್ಲಿ ಇಲ್ಲದಿಲ್ಲ. 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಅದು ಉಳಿದಿದೆ. ಅದರ ಗರಿಷ್ಠ ಮೊತ್ತ ಒಂದು ಸಾವಿರ ರೂಪಾಯಿ. ಅದನ್ನೂ ಕೊಡಬೇಕಾದವನು ಬಂಧನಕ್ಕೆ ಕಾರಣನಾದ ದೂರುಗಾರ, ಸರಕಾರವಲ್ಲ. ಜರ್ಮನಿಯಲ್ಲಿ ಒಂದು ದಿನಕ್ಕೆ ಕೊಡುವುದರಲ್ಲಿ ನಮ್ಮ ಇಡೀ ಪರಿಹಾರ ಹಲವು ಸಲ ಅಡಗುತ್ತದೆ.

ಸಂವಿಧಾನದ ಹೆಸರಿನಲ್ಲಿ ಉಚ್ಚ ನ್ಯಾಯಾಲಯಗಳು ಆಗೊಮ್ಮೆ ಈಗೊಮ್ಮೆ ಪರಿಹಾರ ಕೊಡಿಸಿದ್ದುಂಟು. ನಿರ್ದೋಷಿಯೆಂದಾದ ಮೇಲೂ ಹದಿನಾಲ್ಕು ವರ್ಷ ಸೆರೆಯಲ್ಲಿ ಮರೆತು ಬಿಟ್ಟಿದ್ದ ರುದುಲ್ ಸಾಹನಿಗೆ 1983ರಲ್ಲಿ 35 ಸಾವಿರ ರೂಪಾಯಿ ಕೊಡಿಸಿದರು. ನಮ್ಮ ನೆರೆಯ ಕೊಡಗಿನಲ್ಲಿ ಒಬ್ಬ ಆದಿವಾಸಿ ಕೂಲಿಕಾರ, ಹೆಂಡತಿಯನ್ನು ಕೊಂದನೆಂಬ ಆಪಾದನೆಯ ಮೇಲೆ ಒಂದೂವರೆ ವರ್ಷ ಜೈಲಿನಲ್ಲಿದ್ದ. 2025ರ ಏಪ್ರಿಲಿನಲ್ಲಿ ಆ ಹೆಂಡತಿ ಜೀವಂತವಾಗಿ ಮಡಿಕೇರಿಯಲ್ಲಿ ಕಾಣಿಸಿಕೊಂಡಳು! ಮೈಸೂರಿನ ಕೋರ್ಟು ಅವನನ್ನು ಬಿಡುಗಡೆ ಮಾಡಿ, ಒಂದು ಲಕ್ಷ ರೂಪಾಯಿ ಕೊಡಿರೆಂದು ಗೃಹ ಇಲಾಖೆಗೆ ಹೇಳಿತು. ಹೇಳಿದ ನ್ಯಾಯಾಧೀಶರಿಗೆ ನಮಸ್ಕಾರ. ಆದರೆ ಒಂದು ಲಕ್ಷವೇ ಏಕೆ, ಹತ್ತೇಕಲ್ಲ, ಹತ್ತು ಸಾವಿರವೇಕಲ್ಲ? ಅಳತೆಗೋಲಿಲ್ಲದ ಕಡೆ ನ್ಯಾಯವೂ ದಾನದಂತೆಯೇ ಕಾಣುತ್ತದೆ.

ನಮ್ಮ ಬೆಟ್ಟದ ಜನರಿಗೆ ಅಷ್ಟೂ ಸುಲಭವಾಗಿ ಆಗಲಿಲ್ಲ. ಕಾರ್ಯಪಡೆಯವರ ಹಿಂಸೆಯ ಬಗ್ಗೆ ದೂರುಗಳೆದ್ದಾಗ, 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿವೃತ್ತ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು. ಸಮಿತಿ ವರದಿ ಕೊಟ್ಟದ್ದು 2003ರಲ್ಲಿ. 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಮಧ್ಯಂತರ ಪರಿಹಾರವೆಂದು ಆಯೋಗ ಶಿಫಾರಸು ಮಾಡಿದ್ದು 2007ರಲ್ಲಿ. ಆ ನಡುವೆ, 2004ರ ಅಕ್ಟೋಬರ್ 18ರಂದು, ವೀರಪ್ಪನ್ ಹತನಾದಾಗ ತಮಿಳುನಾಡು ಸರಕಾರ ತನ್ನ ಪಡೆಯವರಿಗೆ ಬಡ್ತಿ, ನಗದು, ಮನೆಯ ನಿವೇಶನಗಳನ್ನು ತಡಮಾಡದೆ ಘೋಷಿಸಿತು. ಜೀವದ ಹಂಗು ತೊರೆದು ದುಡಿದವರಿಗೆ ಇನಾಮು ಬೇಡವೆಂದು ನಾನು ಹೇಳುವುದಿಲ್ಲ. ಇನಾಮು ಕೊಡುವ ಕೈಗೆ ಇದ್ದ ಚುರುಕು ಸಾಲ ತೀರಿಸುವ ಕೈಗೆ ಏಕಿಲ್ಲವೆಂದು ಮಾತ್ರ ಕೇಳುತ್ತೇನೆ.

“ಅವು ಶ್ರೀಮಂತ ದೇಶಗಳು, ನಮ್ಮ ಬೊಕ್ಕಸ ಎಲ್ಲಿ ತಾಳೀತು?” ಎಂಬ ಆಕ್ಷೇಪಣೆ ಬರುತ್ತದೆ. ದೇಶದ ಸೆರೆಮನೆಗಳಲ್ಲಿ ಇರುವವರಲ್ಲಿ ಸುಮಾರು ಮುಕ್ಕಾಲು ಪಾಲು ಇನ್ನೂ ತೀರ್ಪಾಗದ ವಿಚಾರಣಾಧೀನರು. ಇವರಿಗೆ ಅನ್ನ ಹಾಕಿ ಕಾವಲು ಕಾಯುವ ಖರ್ಚನ್ನು ತಾಳುವ ಬೊಕ್ಕಸ ಅದನ್ನೂ ತಾಳೀತು. ಮೇಲಾಗಿ, ಪರಿಹಾರದ ನಿಜವಾದ ಪ್ರಯೋಜನ ಹಣವಲ್ಲ. ಒಬ್ಬನನ್ನು ಒಂದು ದಿನ ಹೆಚ್ಚು ಇಟ್ಟುಕೊಂಡರೆ ಇಲಾಖೆಯ ಖಾತೆಯಲ್ಲಿ ಇಂತಿಷ್ಟು ಖರ್ಚು ಬೀಳುತ್ತದೆಂದು ಗೊತ್ತಾದ ದಿನ, ಕಳೆದುಹೋದ ಕಡತಗಳು ತಾವಾಗಿ ಸಿಕ್ಕುತ್ತವೆ, ಬಾರದ ಸಾಕ್ಷಿಗಳು ಬರುತ್ತಾರೆ. ಬಡವನ ದಿನಕ್ಕೆ ಬೆಲೆಯೇ ಇಲ್ಲದಿರುವುದರಿಂದ ಅದನ್ನು ಧಾರಾಳವಾಗಿ ಖರ್ಚು ಮಾಡುತ್ತಿದ್ದೇವೆ.

“ಇಂಗ್ಲೆಂಡಿನಲ್ಲೂ ಈಗ ಮೊಕದ್ದಮೆಗಳು ಬಾಕಿ ಬಿದ್ದಿವೆಯಲ್ಲ?” ಎಂದರೆ, ಹೌದು, ಬಿದ್ದಿವೆ. ಆದರೆ ಅಲ್ಲಿ ದೊಡ್ಡ ಕೋರ್ಟಿನ ವಿಚಾರಣೆಗೆ ಕಾದಿರುವವನನ್ನು ಬಂಧನದಲ್ಲಿಡಲು 182 ದಿನದ ಮಿತಿಯಿದೆ. ಮೀರಬೇಕಾದರೆ ಸರಕಾರದ ವಕೀಲರು ನ್ಯಾಯಾಧೀಶರ ಮುಂದೆ ನಿಂತು ಕಾರಣ ಹೇಳಬೇಕು. ಉತ್ತರ ಕೊಡಬೇಕಾದ ಹೊಣೆ ಬಂಧಿಸಿದವನ ಮೇಲೆ. ನಮ್ಮಲ್ಲಿ ಅದು ಬಂಧಿತನ ಮೇಲೆ. ಎರಡು ನ್ಯಾಯಪದ್ಧತಿಗಳ ಅಂತರವೆಲ್ಲ ಇಷ್ಟರಲ್ಲಿದೆ. ನಮ್ಮ ಹೊಸ ಸಂಹಿತೆಯೂ ಶಿಕ್ಷೆಯ ಅರ್ಧ ಅವಧಿ, ಮೊದಲ ಸಲದ ಆಪಾದಿತನಾದರೆ ಮೂರನೆಯ ಒಂದು ಅವಧಿ, ಸೆರೆಯಲ್ಲಿ ಕಳೆದವನನ್ನು ಬಿಡಬೇಕೆನ್ನುತ್ತದೆ, ಅದು ಒಳ್ಳೆಯದೇ. ಆದರೆ ಮರಣದಂಡನೆ, ಜೀವಾವಧಿಯ ಆಪಾದನೆಗಳಿಗೆ ಅದು ಅನ್ವಯಿಸದು. ಮೈಸೂರು ಜೈಲಿನಲ್ಲಿದ್ದ ನಮ್ಮ ಹಳ್ಳಿಗರ ಮೇಲಿದ್ದದ್ದು ಅಂಥ ಆಪಾದನೆಗಳೇ.

ಗೋಪಿನಾಥಂ ಎಂಬ ಊರು ನಮ್ಮ ಜಿಲ್ಲೆಯ ಅಂಚಿನಲ್ಲಿದೆ. ವೀರಪ್ಪನ್ ಹುಟ್ಟಿದ್ದು ಅಲ್ಲಿ. ಅರಣ್ಯಾಧಿಕಾರಿ ಶ್ರೀನಿವಾಸ್ ಅಲ್ಲಿಯ ಜನರ ನಡುವೆ ಬೆರೆತು ಕೆಲಸ ಮಾಡಿದರು, ಊರಿಗೆ ಮಾರಿಯಮ್ಮನ ಗುಡಿ ಕಟ್ಟಿಸಲು ನೆರವಾದರು. ಅವರಿಗೆ ಮರಣಾನಂತರ ಕೀರ್ತಿಚಕ್ರ ಬಂತು. ಆ ಊರಿನವರು ಅವರನ್ನು ಇಂದೂ ಪೂಜ್ಯಭಾವದಿಂದ ನೆನೆಯುತ್ತಾರೆ. ಕಳ್ಳ ಹುಟ್ಟಿದ ಊರೆಲ್ಲ ಕಳ್ಳರ ಊರಲ್ಲವೆಂಬುದನ್ನು ಅರಿತಿದ್ದ ಸರಕಾರಿ ನೌಕರ ಅವರು. ಅವರ ಸಾವಿಗೆ ಸೇಡೆಂದು ನಡೆದ ಕಾರ್ಯಾಚರಣೆಯಲ್ಲಿ ಮೊದಲು ಮರೆತದ್ದು ಅವರ ಆ ಅರಿವನ್ನೇ.

2018ರ ಆಗಸ್ಟಿನಲ್ಲಿ ಕಾನೂನು ಆಯೋಗ ತನ್ನ 277ನೆಯ ವರದಿಯಲ್ಲಿ, ಅನ್ಯಾಯವಾಗಿ ಮೊಕದ್ದಮೆಗೆ ಗುರಿಯಾದವರಿಗೆ ಸರಕಾರವೇ ಪರಿಹಾರ ಕೊಡಬೇಕು, ಅದನ್ನು ನಿರ್ಣಯಿಸಲು ವಿಶೇಷ ನ್ಯಾಯಾಲಯಗಳು ಬೇಕು ಎಂದು ಹೇಳಿದೆ. ಮಸೂದೆಯ ಕರಡನ್ನೂ ಬರೆದುಕೊಟ್ಟಿದೆ. ಆ ಮೇಲೆ ಅಪರಾಧದ ಕಾನೂನುಗಳನ್ನೆಲ್ಲ ಹೊಸದಾಗಿ ಬರೆದರು, ಹೆಸರುಗಳನ್ನೂ ಬದಲಾಯಿಸಿದರು; ಈ ಕರಡಿಗೆ ಮಾತ್ರ ಅವುಗಳಲ್ಲಿ ಎಡೆ ಸಿಗಲಿಲ್ಲ. ಚಾಮರಾಜನಗರದಿಂದ ದಿಲ್ಲಿಗೆ ಹೋಗುವ ಪ್ರತಿನಿಧಿ ಯಾವ ಪಕ್ಷದವರಾದರೂ ಆಗಲಿ, ಈ ಒಂದು ಕಾಗದವನ್ನು ಕೈಯಲ್ಲಿ ಹಿಡಿದು ಎದ್ದು ನಿಲ್ಲಬೇಕೆಂದು ನಾನು ಕೇಳುತ್ತೇನೆ. ಹಾಗೆ ಕೇಳುವ ಹಕ್ಕು ಈ ಜಿಲ್ಲೆಗೆ ಇರುವಷ್ಟು ಇನ್ನಾವ ಜಿಲ್ಲೆಗಿದೆ? ನಮ್ಮ ಜನ ಅದರ ಮುಂಗಡವನ್ನು ಸೆರೆಮನೆಯಲ್ಲಿ ಎಂಟು ವರ್ಷ ಕಟ್ಟಿದ್ದಾರೆ.